ಬೆಳಗಾವಿಯಿಂದ ಶಿಕಾಗೊಗೆ: ಮನೆಮಂದಿಯೆಲ್ಲ ಕೂಡಿ ರಿಗ್ಲಿ ಫೀಲ್ಡ್‌ನಲ್ಲಿ ಬೇಸ್‌ಬಾಲ್ ನೋಡುವವರಿಗೆ

ಬೇಸಿಗೆ ಸೂಟಿಗೆ ಶಿಕಾಗೊದಲ್ಲಿರುವ ಮಗ-ಸೊಸೆ, ಮಗಳು-ಅಳಿಯಂದಿರ ಮನೆಗೆ ಬೆಳಗಾವಿಯಿಂದ ಹೊರಟವರ ಪಟ್ಟಿ ಬಹುತೇಕ ಒಂದೇ ಇರುತ್ತದೆ. ನಯಾಗರಾ, ನ್ಯೂಯಾರ್ಕ್, ಆರೋರಾದ ಬಾಲಾಜಿ ಗುಡಿ, ಲೆಮಾಂಟ್‌ನ ಗುಡಿ, ಒಂದಿಷ್ಟು ಮಾಲ್. ಬೇಸ್‌ಬಾಲ್ ಪಂದ್ಯ ಆ ಪಟ್ಟಿಗೆ ಬಂದರೂ ತೀರಾ ಕೊನೆಗೆ, ‘ಟೈಮ್ ಸಿಕ್ಕರೆ ನೋಡೋಣ’ ಅನ್ನುವ ಜಾಗದಲ್ಲಿ ಬರುತ್ತದೆ. ಹಾಗೆ ಮಾಡಿದರೆ ಅದು ಸಿಗುವುದಿಲ್ಲ, ಇಲ್ಲವೇ ತಪ್ಪು ದಿನ, ತಪ್ಪು ಸೀಟಿನಲ್ಲಿ ಚಳಿಗೆ ನಡುಗುತ್ತ ಸಿಗುತ್ತದೆ. ಮೊದಲು ಪಂದ್ಯದ ದಿನ ಹಿಡಿದು, ಉಳಿದ ತಿರುಗಾಟವನ್ನು ಅದರ ಹಿಂದೆ ಮುಂದೆ ಜೋಡಿಸಿದರೆ ಮೂರು ತಲೆಮಾರಿನವರು ಒಟ್ಟಿಗೆ ಕೂತು ಅಮೆರಿಕದ ಸಾಮಾನ್ಯ ಜನರ ನಡುವೆ ಕಳೆಯುವ ದಿನ ಇದಕ್ಕಿಂತ ಒಳ್ಳೆಯದು ಇನ್ನೊಂದಿಲ್ಲ. ಶಿಕಾಗೊ ಕಬ್ಸ್ ತಂಡದ ಮನೆಯಾದ ರಿಗ್ಲಿ ಫೀಲ್ಡ್‌ಗೆ ಸೀಟು, ನೋಟ, ವಾತಾವರಣದ ವಿಷಯದಲ್ಲಿ ಐದಕ್ಕೆ ನಾಲ್ಕೂವರೆ. ಶಾಕಾಹಾರಿಗಳ ಊಟದ ವಿಷಯದಲ್ಲಿ ಎರಡು, ಅದೂ ಬುತ್ತಿ ಒಳಗೆ ಬಿಡುತ್ತಾರೆ ಎಂಬ ಕಾರಣಕ್ಕೆ.

ಎಡವಟ್ಟು ಸುರುವಾಗುವುದು ದಿನಾಂಕದಲ್ಲಿ. ನಮ್ಮ ಶಾಲೆಗಳ ಸೂಟಿ ಏಪ್ರಿಲ್ ಎರಡನೇ ವಾರದಿಂದ ಮೇ ಕೊನೆಯವರೆಗೆ. ಅಮೆರಿಕದ ಬೇಸಿಗೆ ಸುರುವಾಗುವುದೇ ಜೂನ್‌ನಲ್ಲಿ. ಅಲ್ಲಿನ ಅಗ್ರ ಲೀಗ್ ಆದ ಮೇಜರ್ ಲೀಗ್ ಬೇಸ್‌ಬಾಲ್ (ಎಂಎಲ್‌ಬಿ) ಮಾರ್ಚ್ ಕೊನೆಗೆ ಸುರುವಾಗಿ ಸೆಪ್ಟೆಂಬರ್ ಕೊನೆಯವರೆಗೆ ನಡೆಯುತ್ತದೆ. ತಂಡವೊಂದಕ್ಕೆ 162 ಪಂದ್ಯ, ಅದರಲ್ಲಿ ಅರ್ಧ ಅಂದರೆ 81 ಸ್ವಂತ ಮೈದಾನದಲ್ಲಿ. ಆದ್ದರಿಂದ ಏಪ್ರಿಲ್‌ನಲ್ಲಿ ಹೋದರೂ ಪಂದ್ಯ ಸಿಗುತ್ತದೆ. ಆದರೆ ಶಿಕಾಗೊದ ಏಪ್ರಿಲ್ ಹಗಲು 15 ಡಿಗ್ರಿ ಸೆಲ್ಸಿಯಸ್ ಆಸುಪಾಸಿನದು. ಮೈದಾನದಿಂದ ಮಿಶಿಗನ್ ಸರೋವರ ಒಂದೂವರೆ ಕಿಲೋಮೀಟರ್ ಒಳಗೇ ಇದೆ. ಚಳಿಗಾಲ ಪೂರ್ತಿ ತಣ್ಣಗಾದ ಆ ನೀರಿನ ಮೇಲಿಂದ ಈಶಾನ್ಯದ ಗಾಳಿ ಬೀಸಿದರೆ ವಿಮಾನ ನಿಲ್ದಾಣದ ಹವಾಮಾನ ವರದಿ ಹೇಳುವುದಕ್ಕಿಂತ ಸ್ಟ್ಯಾಂಡಿನಲ್ಲಿ ನಾಲ್ಕೈದು ಡಿಗ್ರಿ ಕಡಿಮೆ ಅನಿಸುತ್ತದೆ. ಜೊತೆಗೆ ರಿಗ್ಲಿಯ ಗುರುತೇ ಆದ ಗೋಡೆಬಳ್ಳಿ ಏಪ್ರಿಲ್‌ನಲ್ಲಿ ಬರೀ ಕಂದು ಕಡ್ಡಿ. ಮೇ ತಿಂಗಳಲ್ಲೇ ಅದು ಹಸಿರಾಗುವುದು. ಶಾಲೆಯ ಮಕ್ಕಳಿರುವ ಮನೆಗೆ ಸರಿಯಾದ ಕಾಲ ಮೇ 10ರಿಂದ 28ರೊಳಗೆ. ಮೇ ಕೊನೆಯ ಸೋಮವಾರ ಅಲ್ಲಿ ಮೆಮೋರಿಯಲ್ ಡೇ ರಜೆ, ಆ ಶನಿವಾರ-ಭಾನುವಾರ ಟಿಕೆಟ್ ದರ ಏರುತ್ತದೆ, ಅದನ್ನು ಬಿಡಿ. ಶಾಲೆಯ ಹಂಗಿಲ್ಲದ ಅಜ್ಜ-ಅಜ್ಜಿ ಜೂನ್ ಮಧ್ಯದವರೆಗೆ ಅಲ್ಲೇ ಉಳಿಯುವವರಿದ್ದರೆ ಅವರ ಪಂದ್ಯವನ್ನು ಜೂನ್‌ಗೇ ಇಡಿ.

ಎರಡನೆಯದು, ತಂಡ ಊರಲ್ಲಿರುತ್ತದೆಯೇ ಎಂಬುದು. ಕಬ್ಸ್ ಆರರಿಂದ ಹತ್ತು ದಿನ ಮನೆಯಲ್ಲಿ ಆಡಿ, ಮುಂದಿನ ಆರರಿಂದ ಹತ್ತು ದಿನ ಹೊರಗೆ ಹೋಗುತ್ತದೆ. ಹತ್ತು ದಿನಕ್ಕೆಂದು ಹೋದವರು ಒಂದೂ ಪಂದ್ಯ ಸಿಗದೆ ಬರಬಹುದು. ಮುಂದಿನ ವರ್ಷದ ವೇಳಾಪಟ್ಟಿ ಹಿಂದಿನ ವರ್ಷದ ಬೇಸಿಗೆಯಲ್ಲೇ ಪ್ರಕಟವಾಗುತ್ತದೆ, ಹಾಗಾಗಿ ವಿಮಾನದ ಟಿಕೆಟ್ ನೋಡುವ ಮೊದಲೇ ಇದನ್ನು ನೋಡಲು ಏನೂ ಅಡ್ಡಿಯಿಲ್ಲ. ಪಟ್ಟಿಯಲ್ಲಿ ಮಧ್ಯಾಹ್ನ 1:20ರ ಪಂದ್ಯಗಳನ್ನು ಹುಡುಕಿ. ರಿಗ್ಲಿಯಲ್ಲಿ 1988ರ ಆಗಸ್ಟ್‌ವರೆಗೆ ದೀಪಗಳೇ ಇರಲಿಲ್ಲ, ಎಲ್ಲ ಆಟ ಬಿಸಿಲಲ್ಲೇ. ಇಂದಿಗೂ ಸುತ್ತ ಮನೆಗಳಿರುವ ಕಾರಣ ರಾತ್ರಿ ಪಂದ್ಯಗಳಿಗೆ ನಗರಸಭೆಯ ಮಿತಿ ಇದೆ. ಅದರಿಂದಾಗಿ ವಾರದ ನಡುವೆಯೂ ಹಗಲು ಪಂದ್ಯ ಸಿಗುವುದು ಬೇರೆ ಮೈದಾನಗಳಿಗಿಂತ ಇಲ್ಲಿ ಹೆಚ್ಚು, ಶುಕ್ರವಾರ ಬಹುತೇಕ ಮಧ್ಯಾಹ್ನವೇ. ಮಕ್ಕಳು, ವಯಸ್ಸಾದವರು ಇದ್ದರೆ ವಾರದ ದಿನದ 1:20ರ ಪಂದ್ಯಕ್ಕೆ ಸಾಟಿಯಿಲ್ಲ: ಜನ ಕಡಿಮೆ, ದರ ಕಡಿಮೆ, ಸಂಜೆ ನಾಲ್ಕಕ್ಕೆ ಮುಗಿದು ಕತ್ತಲಾಗುವುದರೊಳಗೆ ಮನೆ.

ಆದರೆ ಇಳಿದ ಮರುದಿನವೇ ಹೋಗಬೇಡಿ. ಶಿಕಾಗೊದ ಮಧ್ಯಾಹ್ನ 1:20 ಅಂದರೆ ಬೆಳಗಾವಿಯಲ್ಲಿ ರಾತ್ರಿ 11:50. ಮೊದಲ ಮೂರ್ನಾಲ್ಕು ದಿನ ಮೈ ಇನ್ನೂ ಬೆಳಗಾವಿಯ ಗಡಿಯಾರದಲ್ಲೇ ಇರುತ್ತದೆ, ಮೂರನೇ ಇನ್ನಿಂಗ್ಸ್‌ಗೆ ಅಜ್ಜ ತೂಕಡಿಸುತ್ತಾರೆ, ಮೊಮ್ಮಗ ಹಟ ಹಿಡಿಯುತ್ತಾನೆ. ಹಾಗೆಂದು ಪ್ರವಾಸದ ಕೊನೆಯ ದಿನಕ್ಕೂ ಇಡಬೇಡಿ. ಮಳೆ ಬಂದು ಪಂದ್ಯ ಮುಂದಕ್ಕೆ ಹೋದರೆ ಟಿಕೆಟ್ ಹೊಸ ದಿನಾಂಕಕ್ಕೆ ನಡೆಯುತ್ತದೆಯೇ ಹೊರತು ಸಾಮಾನ್ಯವಾಗಿ ದುಡ್ಡು ವಾಪಸ್ ಬರುವುದಿಲ್ಲ. ಆ ಹೊಸ ದಿನಾಂಕಕ್ಕೆ ನೀವು ಬೆಳಗಾವಿಯ ಟಿಳಕವಾಡಿಯಲ್ಲಿರುತ್ತೀರಿ. ಇಳಿದ ಐದನೇ ದಿನದಿಂದ ಎಂಟನೇ ದಿನದೊಳಗೆ ಇಟ್ಟರೆ ಎರಡೂ ಕಡೆ ಕ್ಷೇಮ.

ವೀಸಾ ಬಗ್ಗೆ ಉದ್ದ ಬರೆಯುವುದಿಲ್ಲ, ಆದರೆ ಕುಟುಂಬದವರಿಗೆ ಬೇಕಾದ ಒಂದು ಮಾತು. 2025ರ ಸೆಪ್ಟೆಂಬರ್ 2ರಿಂದ 14 ವರ್ಷದೊಳಗಿನ ಮಕ್ಕಳಿಗೂ 79 ದಾಟಿದ ಹಿರಿಯರಿಗೂ ಸಾಮಾನ್ಯವಾಗಿ ಖುದ್ದು ಸಂದರ್ಶನ ಬೇಕು. ಮೊದಲು ಅವರಿಗೆ ವಿನಾಯಿತಿ ಇತ್ತು, ಹಳೆಯ ಅನುಭವದ ಮೇಲೆ ಸಲಹೆ ಕೊಡುವವರು ಇನ್ನೂ ಅದನ್ನೇ ಹೇಳುತ್ತಾರೆ. ಮನೆಮಂದಿಯೆಲ್ಲ ಮುಂಬೈಗೋ ಹೈದರಾಬಾದ್‌ಗೋ ಹೋಗಿ, ಬೆರಳಚ್ಚಿಗೆ ಒಂದು ದಿನ, ಸಂದರ್ಶನಕ್ಕೆ ಇನ್ನೊಂದು ದಿನ ಎಂದು ಲೆಕ್ಕ ಹಾಕಿ. ಅರ್ಜಿ ಶುಲ್ಕ ತಲೆಗೆ 185 ಡಾಲರ್. ವೀಸಾ ಕೈಗೆ ಬರುವವರೆಗೆ ವಾಪಸ್ ಸಿಗದ ಯಾವ ಟಿಕೆಟನ್ನೂ ತೆಗೆಯಬೇಡಿ, ಪಂದ್ಯದ್ದೂ ಸೇರಿ.

ವಿಮಾನದ ವಿಷಯದಲ್ಲಿ ಬೆಳಗಾವಿಯ ಸಾಂಬ್ರಾ ನಿಲ್ದಾಣದಿಂದ ಹೊರಡುವವರಿಗೆ ಹೊಡೆತ ಬೀಳುವುದು ಸಾಮಾನಿನಲ್ಲಿ. ಅಮೆರಿಕಕ್ಕೆ ಹೋಗುವ ಇಕಾನಮಿ ಟಿಕೆಟ್‌ಗೆ ಸಾಮಾನ್ಯವಾಗಿ 23 ಕೆಜಿಯ ಎರಡು ಪೆಟ್ಟಿಗೆ. ಬೆಳಗಾವಿಯಿಂದ ದೆಹಲಿಗೋ ಬೆಂಗಳೂರಿಗೋ ಬೇರೆ ಟಿಕೆಟ್ ತೆಗೆದರೆ ದೇಶದೊಳಗಿನ ಮಿತಿ 15 ಕೆಜಿ. ನಾಲ್ಕು ಜನರ ಮನೆಗೆ ನೂರು ಕೆಜಿಗೂ ಮೇಲೆ ಹೆಚ್ಚುವರಿಯಾಗಿ, ಕೌಂಟರ್‌ನಲ್ಲಿ ಕಿಲೋ ಲೆಕ್ಕದಲ್ಲಿ ಹಣ ಕಟ್ಟಬೇಕಾಗುತ್ತದೆ. ಮೇಲಾಗಿ ಮೊದಲ ವಿಮಾನ ತಡವಾಗಿ ಮುಂದಿನದು ತಪ್ಪಿದರೆ ಹೊಣೆ ಯಾರದೂ ಅಲ್ಲ. ಬೆಳಗಾವಿಯಿಂದ ಶಿಕಾಗೊವರೆಗೆ ಒಂದೇ ಪಿಎನ್‌ಆರ್ ಸಿಕ್ಕರೆ ತುಸು ಹೆಚ್ಚು ಕೊಟ್ಟಾದರೂ ತೆಗೆದುಕೊಳ್ಳಿ. ಸಿಗದಿದ್ದರೆ ರಾತ್ರಿ ಬಸ್ಸಿಗೆ ಸಾಮಾನು ಹಾಕಿ ಮುಂಬೈ ಸೇರಿ, ಅಲ್ಲಿಂದ ಹಾರುವುದು ನನ್ನ ಆಯ್ಕೆ. ಬೆಂಗಳೂರಿಂದ ಹಾರುವವರಿಗೆ ರಾಣಿ ಚೆನ್ನಮ್ಮ ರೈಲು ಇದೆ, 2025ರ ಆಗಸ್ಟ್‌ನಿಂದ ವಂದೇ ಭಾರತ್ ಕೂಡ ಇದೆ. ದೊಡ್ಡ ಪೆಟ್ಟಿಗೆಗಳಿದ್ದರೆ ರಾಣಿ ಚೆನ್ನಮ್ಮವೇ ಸಲೀಸು.

ಪೆಟ್ಟಿಗೆಯ ಒಳಗಿನದೂ ಮುಖ್ಯ. ಮೇ ತಿಂಗಳೆಂದು ಆಪೂಸ್ ಮಾವು ಇಟ್ಟುಕೊಂಡರೆ ಓಹೇರ್ ವಿಮಾನ ನಿಲ್ದಾಣದಲ್ಲೇ ಹೋಗುತ್ತದೆ. ತಾಜಾ ಹಣ್ಣು, ಕರಿಬೇವು, ಮಾಂಸ ಬಿಡುವುದಿಲ್ಲ. ನಮ್ಮ ಕುಂದಾ ಹಾಲಿನದು, ನಮ್ಮ ದೇಶದ ಹಾಲಿನ ಪದಾರ್ಥಗಳ ಮೇಲೆ ಅಲ್ಲಿ ನಿರ್ಬಂಧಗಳಿವೆ, ಕಿತ್ತಿಟ್ಟುಕೊಳ್ಳುವ ಸಾಧ್ಯತೆ ಇದ್ದೇ ಇದೆ. ಗೋಕಾಕದ ಕರದಂಟು, ಶೇಂಗಾ ಹಿಂಡಿ, ಕಡಕ್ ರೊಟ್ಟಿ ಹೆಚ್ಚು ನಿರಾತಂಕದ ಸಾಮಾನು. ಏನೇ ಒಯ್ದರೂ ತಿನ್ನುವ ಪದಾರ್ಥ ಇದೆ ಎಂದು ಕಸ್ಟಮ್ಸ್‌ನಲ್ಲಿ ಹೇಳಿಬಿಡಿ. ಹೇಳಿದ್ದಕ್ಕೆ ದಂಡವಿಲ್ಲ, ಹೆಚ್ಚೆಂದರೆ ಎಸೆಯುತ್ತಾರೆ. ಮುಚ್ಚಿಟ್ಟದ್ದಕ್ಕೆ ದಂಡ ಇದೆ.

ಇನ್ನು ಪಂದ್ಯದ ಟಿಕೆಟ್. ಕಾಗದದ ಟಿಕೆಟ್ ಇಲ್ಲ, ಎಲ್ಲವೂ ಎಂಎಲ್‌ಬಿ ಬಾಲ್‌ಪಾರ್ಕ್ ಎಂಬ ಆ್ಯಪ್‌ನಲ್ಲಿ. ಬೆಳಗಾವಿಯಲ್ಲಿ ಕೂತು ನಮ್ಮ ಬ್ಯಾಂಕಿನ ಕಾರ್ಡಿನಿಂದ ತೆಗೆಯಲು ಹೊರಟರೆ ಎರಡು ಕಡೆ ಸಿಕ್ಕಿಬೀಳುತ್ತದೆ: ಕಾರ್ಡಿಗೆ ಅಂತರರಾಷ್ಟ್ರೀಯ ಬಳಕೆ ಚಾಲೂ ಆಗಿರುವುದಿಲ್ಲ, ಅಥವಾ ವಿಳಾಸದ ಜಾಗದಲ್ಲಿ ಅಲ್ಲಿನ ಐದಂಕಿಯ ಜಿಪ್ ಕೋಡ್ ಕೇಳಿ ನಮ್ಮ ಆರಂಕಿಯ ಪಿನ್ ಒಪ್ಪುವುದಿಲ್ಲ. ಅಲ್ಲಿರುವ ಮಗನೋ ಮಗಳೋ ತೆಗೆಯುವುದೇ ನೇರ ದಾರಿ. ಎಲ್ಲರ ಟಿಕೆಟ್ ಒಂದೇ ಫೋನಿನಲ್ಲಿರಬಹುದು, ಗೇಟಿನಲ್ಲಿ ಒಂದೊಂದಾಗಿ ತೋರಿಸುತ್ತ ಹೋದರಾಯಿತು. ಆದರೆ ಆ ಫೋನಿನವರು ಆಫೀಸಿನಿಂದ ನೇರ ಬರುವುದಾದರೆ ಉಳಿದವರು ಗೇಟಿನ ಹೊರಗೇ ಕಾಯಬೇಕು. ಅದಕ್ಕೆ ಮೊದಲೇ ಟಿಕೆಟನ್ನು ಇನ್ನೊಬ್ಬರ ಇಮೇಲ್‌ಗೆ ವರ್ಗಾಯಿಸಿ. ಸಾವಿರಾರು ಜನ ಸೇರಿದ ಜಾಗದಲ್ಲಿ ನೆಟ್‌ವರ್ಕ್ ಸಾಯುತ್ತದೆ, ಮನೆಯಲ್ಲಿರುವಾಗಲೇ ಟಿಕೆಟನ್ನು ಫೋನಿನ ವಾಲೆಟ್‌ಗೆ ಸೇರಿಸಿಡಿ. ಸ್ಕ್ರೀನ್‌ಶಾಟ್ ನೆಚ್ಚಿಕೊಳ್ಳಬೇಡಿ.

ದರ ಒಂದೇ ಇರುವುದಿಲ್ಲ. ಎದುರಾಳಿ ಯಾರು, ವಾರ ಯಾವುದು, ಹವೆ ಹೇಗಿದೆ ಎಂಬುದರ ಮೇಲೆ ಏರಿಳಿಯುತ್ತದೆ. ಸೇಂಟ್ ಲೂಯಿಸ್ ಕಾರ್ಡಿನಲ್ಸ್ ಬಂದರೆ ಹಳೇ ಹಗೆ, ಊರ ಇನ್ನೊಂದು ತಂಡ ವೈಟ್ ಸಾಕ್ಸ್ ಬಂದರೆ ಮನೆಯೊಳಗಿನ ಜಗಳ, ಎರಡಕ್ಕೂ ದುಬಾರಿ. ಮೊದಲ ಸಲ ನೋಡುವವರಿಗೆ ಎದುರಾಳಿ ಯಾರಾದರೂ ನಡೆಯುತ್ತದೆ, ಆ ದಿನಗಳನ್ನು ಬಿಟ್ಟು ತೆಗೆಯಿರಿ. ಮರುಮಾರಾಟದ ಸೈಟುಗಳಲ್ಲಿ ಪಂದ್ಯ ಹತ್ತಿರವಾದಂತೆ ವಾರದ ದಿನದ ಟಿಕೆಟ್ ಇಳಿಯುವುದೂ ಉಂಟು. ಆದರೆ ಆರೆಂಟು ಸೀಟು ಒಟ್ಟಿಗೆ ಬೇಕಾದವರು ಅದಕ್ಕೆ ಕಾಯಬಾರದು, ಕೊನೆಗೆ ಉಳಿಯುವುದು ಎರಡೆರಡು ಸೀಟುಗಳ ತುಣುಕು. 2025ರ ಮೇ 12ರಿಂದ ಅಮೆರಿಕದಲ್ಲಿ ಟಿಕೆಟ್ ಮಾರುವವರು ಕಡ್ಡಾಯ ಶುಲ್ಕಗಳನ್ನೆಲ್ಲ ಸೇರಿಸಿದ ದರವನ್ನೇ ಮೊದಲು ತೋರಿಸಬೇಕೆಂಬ ನಿಯಮ ಬಂದಿದೆ. ಕೊನೆಯ ಪುಟದಲ್ಲಿ ದರ ಜಿಗಿಯುವ ಕಾಟ ಇದರಿಂದ ಕಡಿಮೆಯಾಗಿದೆ, ಆದರೂ ಸರಕಾರದ ತೆರಿಗೆ ಕೊನೆಗೆ ಸೇರಬಹುದು. ಅಲ್ಲಿ ನಗರದ ಮನರಂಜನಾ ತೆರಿಗೆಯೇ ಶೇ 9.

ಸೀಟಿನ ಆಯ್ಕೆಯಲ್ಲಿ ಅವಸರ ಬೇಡ, ಈ ಮೈದಾನದಲ್ಲಿ ಒಳ್ಳೆಯ ದಿನ, ಕೆಟ್ಟ ದಿನ ಎರಡೂ ಅದರಲ್ಲೇ ಇವೆ. ರಿಗ್ಲಿ 1914ರ ಕಟ್ಟಡ. ಮೇಜರ್ ಲೀಗ್‌ನಲ್ಲಿ ಇದಕ್ಕಿಂತ ಹಳೆಯದು ಬಾಸ್ಟನ್‌ನ ಫೆನ್ವೇ ಪಾರ್ಕ್ ಒಂದೇ. ಆ ಕಾಲದ ಪದ್ಧತಿಯಂತೆ ಮೇಲಿನ ಮಹಡಿಯನ್ನು ಕಬ್ಬಿಣದ ಕಂಬಗಳು ಹೊತ್ತಿವೆ, ಆ ಕಂಬಗಳು ಕೆಳಗಿನ ಸೀಟುಗಳ ನಡುವೆಯೇ ಇಳಿದಿವೆ. ಮೈದಾನಕ್ಕೆ ಅಂಟಿದವು ಒಂದಂಕಿ, ಎರಡಂಕಿಯ ಸೆಕ್ಷನ್‌ಗಳು, ಅವುಗಳ ಹಿಂದೆ 100ರವು, ಅವುಗಳ ಹಿಂದೆ 200ರವು, ಮೇಲ್ಮಹಡಿಯಲ್ಲಿ 300, 400. ಕಂಬದ ತೊಂದರೆ ಬಹುಪಾಲು 200ರಲ್ಲಿ. ಕಂಬಗಳಿಗಿಂತ ಮುಂದಿನ ಸಾಲು ಸಿಕ್ಕರೆ 200ರ ಸೀಟು ಕೊಟ್ಟ ದುಡ್ಡಿಗೆ ಅತ್ಯುತ್ತಮ. ಅದರ ತೀರಾ ಹಿಂದಿನ ಸಾಲುಗಳಲ್ಲಿ ಕಂಬದ ಜೊತೆ ಇನ್ನೊಂದು ಕೊರತೆ: ಮೇಲಿನ ಮಹಡಿಯ ಅಂಚು ಕಣ್ಣಿಗೆ ಅಡ್ಡ ಬಂದು, ಎತ್ತರಕ್ಕೆ ಹೊಡೆದ ಚೆಂಡು ಅರ್ಧ ದಾರಿಯಲ್ಲಿ ಮಾಯವಾಗುತ್ತದೆ. ಟಿಕೆಟ್ ಸೈಟಿನಲ್ಲಿ ‘ಲಿಮಿಟೆಡ್ ವ್ಯೂ’, ‘ಅಬ್‌ಸ್ಟ್ರಕ್ಟೆಡ್’ ಎಂದಿದ್ದರೆ ಅದು ಈ ಕಂಬವೇ. ಆ ಸೆಕ್ಷನ್, ಆ ಸಾಲಿನಿಂದ ಬೇರೆಯವರು ತೆಗೆದ ಫೋಟೊ ಹುಡುಕಿ ನೋಡದೆ ದುಡ್ಡು ಕಟ್ಟಬೇಡಿ.

ಬಿಸಿಲು-ನೆರಳಿನ ಲೆಕ್ಕ ಮೇ ತಿಂಗಳಿಗೂ ಜುಲೈಗೂ ತಿರುವುಮುರುವು. ಬ್ಯಾಟರ್ ನಿಲ್ಲುವ ಹೋಮ್ ಪ್ಲೇಟ್ ಮೈದಾನದ ನೈರುತ್ಯ ಮೂಲೆಯಲ್ಲಿದೆ, ಅವನು ಈಶಾನ್ಯಕ್ಕೆ ಮುಖ ಮಾಡಿ ಹೊಡೆಯುತ್ತಾನೆ. ಓಟಗಾರರು ಒಂದೊಂದಾಗಿ ಮುಟ್ಟುತ್ತ ಸುತ್ತಿಬರುವ ಗುರುತುಗಳೇ ಬೇಸ್‌ಗಳು, ಸುತ್ತಿ ಹೋಮ್ ಪ್ಲೇಟ್‌ಗೆ ಮರಳಿದರೆ ಒಂದು ರನ್; ಮೊದಲ ಬೇಸ್ ಬ್ಯಾಟರ್‌ನ ಬಲಕ್ಕೆ, ಮೂರನೆಯದು ಎಡಕ್ಕೆ. ಮಧ್ಯಾಹ್ನ ಇಳಿಯುತ್ತ ಸೂರ್ಯ ಮೂರನೇ ಬೇಸ್ ಕಡೆಯ ಸ್ಟ್ಯಾಂಡಿನ ಬೆನ್ನಿಗೆ ಬರುತ್ತಾನೆ. ಹೀಗಾಗಿ ನೆರಳು ಮೊದಲು ಬೀಳುವುದು ಮೂರನೇ ಬೇಸ್ ಕಡೆ. ಮೊದಲ ಬೇಸ್ ಕಡೆಯವರಿಗೆ ಬಿಸಿಲು ಬಹಳ ಹೊತ್ತಿನವರೆಗೆ ಇರುತ್ತದೆ. ಜೂನ್ ಕೊನೆಯಿಂದ ಆಗಸ್ಟ್‌ವರೆಗೆ ಹಿರಿಯರನ್ನು ಕರೆದೊಯ್ಯುವವರು ಮೂರನೇ ಬೇಸ್ ಕಡೆ, ಮಾಡಿನ ಅಡಿ ತೆಗೆದುಕೊಳ್ಳಲಿ. ಮೇ ತಿಂಗಳಲ್ಲಿ ಅದೇ ನೆರಳು ವೈರಿ. ನಮ್ಮೂರ 36 ಡಿಗ್ರಿಯಿಂದ ಬಂದವರು ‘ನೆರಳಿರಲಿ’ ಎಂದು ಅಭ್ಯಾಸಬಲದಿಂದ ಮಾಡಿನ ಅಡಿ ಕೂತು ಎರಡು ತಾಸು ನಡುಗುತ್ತಾರೆ. ಮೇಯಲ್ಲಿ ಮೊದಲ ಬೇಸ್ ಕಡೆಯ ಬಿಸಿಲಿನ ಸೀಟು, ಮೈಮೇಲೆ ಸ್ವೆಟರ್, ಅದರ ಮೇಲೆ ಗಾಳಿ ತಡೆಯುವ ಜಾಕೆಟ್, ಕಿವಿ ಮುಚ್ಚುವ ಟೊಪ್ಪಿಗೆ. ಬರೀ ಶಾಲು ಸಾಲದು, ಗಾಳಿ ಅದರೊಳಗೇ ಹಾಯುತ್ತದೆ.

ಔಟ್‌ಫೀಲ್ಡ್ ಗೋಡೆಯ ಮೇಲಿನ ಬ್ಲೀಚರ್ಸ್ ಎಂಬ ಬೆಂಚುಗಳು ಈ ಮೈದಾನದ ಹೆಸರುವಾಸಿ ಜಾಗ. ಮೊದಲು ಬಂದವರಿಗೆ ಮೊದಲ ಸೀಟು, ಬೆನ್ನಿಗೆ ಆಸರೆ ಇಲ್ಲ, ಬಿಯರ್ ಹೊಳೆಯಂತೆ ಹರಿಯುತ್ತದೆ. ಕಾಲೇಜು ಹುಡುಗರಿಗೆ ಸರಿ, ಅವ್ವ-ಅಪ್ಪನ ಜೊತೆ ಬೇಡ. ಗೋಡೆಯಾಚೆ ಶೆಫೀಲ್ಡ್, ವೇವ್‌ಲ್ಯಾಂಡ್ ರಸ್ತೆಗಳ ಮನೆಗಳ ಮಾಳಿಗೆ ಮೇಲೂ ಸೀಟು ಹಾಕಿ, ಊಟ-ಕುಡಿತ ಸೇರಿಸಿ ಮಾರುತ್ತಾರೆ. ಕುಡಿಯದ, ಮಾಂಸ ತಿನ್ನದ ಕುಟುಂಬ ಆ ದುಡ್ಡು ಕೊಡುವುದರಲ್ಲಿ ಅರ್ಥವಿಲ್ಲ.

ಗೇಟು ಪಂದ್ಯಕ್ಕೆ ಸುಮಾರು ಒಂದೂವರೆ ತಾಸು ಮೊದಲು ತೆಗೆಯುತ್ತಾರೆ. ಚೀಲ 16 ಇಂಚು ಉದ್ದ, 16 ಇಂಚು ಅಗಲ, 8 ಇಂಚು ದಪ್ಪ ಮೀರಬಾರದು. ಗಾಜು, ಕ್ಯಾನ್, ಥರ್ಮಾಸ್ ಬಿಡುವುದಿಲ್ಲ. ಸ್ಟೀಲಿನ ಡಬ್ಬಿ, ಸ್ಟೀಲಿನ ನೀರಿನ ಬಾಟಲಿ ಎರಡನ್ನೂ ಮನೆಯಲ್ಲೇ ಬಿಡಿ; ಗೇಟಿನಲ್ಲಿ ವಾದ ಮಾಡಿ ಪ್ರಯೋಜನವಿಲ್ಲ, ಎಸೆದು ಒಳಗೆ ಹೋಗಬೇಕು, ಇಲ್ಲವೇ ಹೊರಗುಳಿಯಬೇಕು. ಸೀಲ್ ಒಡೆಯದ ಪ್ಲಾಸ್ಟಿಕ್ ನೀರಿನ ಬಾಟಲಿ, ಅವರವರ ಊಟಕ್ಕಾಗುವಷ್ಟು ಬುತ್ತಿ ನಡೆಯುತ್ತದೆ. ತಲೆಗೆ ಮೂರು ಚಪಾತಿಯನ್ನೋ ಎರಡು ದಪಾಟಿಯನ್ನೋ ಶೇಂಗಾ ಹಿಂಡಿ ಸವರಿ ಸುರುಳಿ ಸುತ್ತಿ ಫಾಯಿಲ್‌ನಲ್ಲಿಟ್ಟು, ಜಿಪ್ ಇರುವ ಪ್ಲಾಸ್ಟಿಕ್ ಚೀಲಕ್ಕೆ ಹಾಕಿದರೆ ಮುಗಿಯಿತು. ರಸದ ಪಲ್ಯ, ಮೊಸರು ಬೇಡ. ಎದುರು ಮೇಜಿಲ್ಲ, ತೊಡೆಯ ಮೇಲೆಯೇ ತಿನ್ನಬೇಕು, ಮುಂದಿನ ಸಾಲಿನವರ ಬೆನ್ನು ಮೊಣಕಾಲಿಗೆ ತಾಗುವಷ್ಟು ಹತ್ತಿರ ಇರುತ್ತದೆ. ಇನ್ನೊಂದು, ಒಮ್ಮೆ ಹೊರಗೆ ಬಂದರೆ ಅದೇ ಟಿಕೆಟ್ ಮೇಲೆ ಮತ್ತೆ ಒಳಗೆ ಹೋಗಲಾಗದು. ಗುಳಿಗೆ, ಕನ್ನಡಕ, ಜಾಕೆಟ್ ಎಲ್ಲ ಮೊದಲ ಸಲವೇ ಕೈಯಲ್ಲಿರಲಿ.

ಒಳಗಿನ ತಿನಿಸಿನ ಹೆಸರುವಾಸಿ ಐಟಂ ಹಾಟ್ ಡಾಗ್, ಅದು ದನದ ಮಾಂಸ. ಫ್ರೆಂಚ್ ಫ್ರೈಸ್ ಯಾವ ಎಣ್ಣೆಯಲ್ಲಿ, ಅದೇ ಎಣ್ಣೆಯಲ್ಲಿ ಇನ್ನೇನು ಕರಿದಿದ್ದಾರೆ ಎಂದು ಕೇಳದೆ ಕಟ್ಟಾ ಶಾಕಾಹಾರಿಗಳು ತೆಗೆದುಕೊಳ್ಳಬಾರದು. ಹಳದಿ ಚೀಸ್ ಸುರಿದ ನಾಚೋಸ್‌ಗೂ ಅದೇ ಎಚ್ಚರ, ಚೀಸ್ ಮಾಡಲು ಕರುವಿನ ಹೊಟ್ಟೆಯ ಕಿಣ್ವ ಬಳಸಿರುವ ಸಾಧ್ಯತೆ ಇರುತ್ತದೆ. ನಿಶ್ಚಿಂತೆಯಿಂದ ತಿನ್ನಬಹುದಾದದ್ದು ಚಿಪ್ಪುಸಹಿತ ಹುರಿದ ಉಪ್ಪಿನ ಶೇಂಗಾ. ಚಿಪ್ಪನ್ನು ಕಾಲಬುಡಕ್ಕೇ ಹಾಕುವುದು ಅಲ್ಲಿನ ರೂಢಿ, ಸಂಕೋಚ ಬೇಡ. ಮಕ್ಕಳಿಗೆ ಕಟ್ಟಿಗೆ ಚಮಚದಲ್ಲಿ ತಿನ್ನುವ, ಐಸ್‌ಕ್ರೀಮ್‌ನಂಥ ಫ್ರಾಸ್ಟಿ ಮಾಲ್ಟ್. ನಗದು ನಡೆಯುವುದಿಲ್ಲ, ಕಾರ್ಡು ಮಾತ್ರ. ಬೆಲೆ ಹೊರಗಿನದಕ್ಕಿಂತ ಎರಡು-ಮೂರು ಪಟ್ಟು ಎಂದೇ ಇಟ್ಟುಕೊಳ್ಳಿ.

ಆಟ ಗೊತ್ತಿಲ್ಲದೆ ಹೋದರೆ ಮೊದಲ ಅರ್ಧ ತಾಸು ಬೇಸರ ಬರುತ್ತದೆ, ಆದರೆ ಕ್ರಿಕೆಟ್ ಬಲ್ಲ ಮನೆಗೆ ಐದು ನಿಮಿಷದಲ್ಲಿ ಹೇಳಿಕೊಡಬಹುದು. ತಂಡಕ್ಕೆ ಒಂಬತ್ತು ಇನ್ನಿಂಗ್ಸ್, ಪ್ರತಿ ಇನ್ನಿಂಗ್ಸ್‌ಗೆ ಮೂರು ಔಟ್, ಒಟ್ಟು 27. ಚೆಂಡು ನೆಲಕ್ಕೆ ಬೀಳದೆ ಬರುತ್ತದೆ, ದೂರ 18.44 ಮೀಟರ್, ನಮ್ಮ ಪಿಚ್‌ಗಿಂತ ತುಸು ಕಡಿಮೆ. ವೇಗ ಹಲವು ಸಲ ತಾಸಿಗೆ 150 ಕಿಲೋಮೀಟರ್ ದಾಟುತ್ತದೆ. ಮೂರು ಸ್ಟ್ರೈಕ್‌ಗೆ (ಬೀಸಿ ತಪ್ಪಿದ, ಇಲ್ಲವೇ ಹೊಡೆಯಬಹುದಿದ್ದೂ ಬಿಟ್ಟ ಎಸೆತ) ಔಟ್, ನಾಲ್ಕು ಕೆಟ್ಟ ಎಸೆತಕ್ಕೆ ಬ್ಯಾಟರ್ ನಡೆದು ಮೊದಲ ಬೇಸ್ ಸೇರುತ್ತಾನೆ. ಹೊಡೆಯಬಹುದಾದದ್ದು ಮುಂದಿನ ಕಾಲುಭಾಗಕ್ಕೆ ಮಾತ್ರ, ನಮ್ಮಂತೆ ಹಿಂದಕ್ಕೆ ಗ್ಲಾನ್ಸ್ ಮಾಡಿದರೆ ಅದು ಫೌಲ್. ಗೋಡೆಯಾಚೆ ಕಳಿಸಲು ಎಡಬಲಕ್ಕೆ 108 ಮೀಟರ್ ಆಸುಪಾಸು, ನೇರಕ್ಕೆ 122 ಮೀಟರ್ ಬೇಕು. ಕ್ರಿಕೆಟ್‌ನಲ್ಲಿ ಬೌಂಡರಿ 82 ಮೀಟರ್ ಮೀರುವುದಿಲ್ಲ ಎಂದು ನೆನಪಿಟ್ಟುಕೊಂಡರೆ ಹೋಮ್ ರನ್ ಯಾಕೆ ಅಷ್ಟು ದೊಡ್ಡ ಸಂಗತಿ ಎಂಬುದು ತಿಳಿಯುತ್ತದೆ. 2023ರಿಂದ ಎಸೆಯುವವನಿಗೆ ಗಡಿಯಾರ ಕಟ್ಟಿದ್ದಾರೆ: ಬೇಸ್‌ಗಳು ಖಾಲಿ ಇದ್ದರೆ 15 ಸೆಕೆಂಡಿನಲ್ಲಿ ಎಸೆಯಬೇಕು, ಓಟಗಾರರಿದ್ದರೆ ಈಗ 18. ಇದರಿಂದ ಮೂರು ತಾಸು ದಾಟುತ್ತಿದ್ದ ಪಂದ್ಯ ಸರಾಸರಿ ಎರಡೂಮುಕ್ಕಾಲು ತಾಸಿನೊಳಗೆ ಮುಗಿಯುತ್ತಿದೆ. ಮಕ್ಕಳೊಂದಿಗೆ ಹೋಗುವವರಿಗೆ ಇದಕ್ಕಿಂತ ದೊಡ್ಡ ಉಪಕಾರ ಲೀಗ್ ಮಾಡಿಲ್ಲ.

ಕಣ್ಣಿಟ್ಟು ನೋಡಬೇಕಾದವು ಎರಡು. ಬ್ಯಾಟರ್‌ನ ನೇರ ಎದುರಿನ ಸೆಂಟರ್ ಫೀಲ್ಡ್‌ನ ಮೇಲೆ ನಿಂತ ಹಸಿರು ಸ್ಕೋರ್‌ಬೋರ್ಡ್ 1937ರದು, ಇಂದಿಗೂ ಕೈಯಿಂದಲೇ ನಡೆಯುತ್ತದೆ. ಒಳಗೆ ಮನುಷ್ಯರಿದ್ದಾರೆ. ಇನ್ನಿಂಗ್ಸ್ ಮುಗಿದ ಮೇಲೆ ಆಯಾ ಚೌಕದ ಅಂಕಿಯ ಫಲಕವನ್ನು ಒಳಗಿನಿಂದ ತೆಗೆದು ಬೇರೆಯದು ಕೂರಿಸುತ್ತಾರೆ; ಒಂದು ಕ್ಷಣ ಚೌಕ ಕಪ್ಪಾಗಿ ಖಾಲಿಯಾಗುತ್ತದೆ, ಆಮೇಲೆ ಅಂಕಿ ಬರುತ್ತದೆ. ಬೇರೆ ಊರುಗಳಲ್ಲಿ ಅದೇ ಹೊತ್ತಿಗೆ ನಡೆಯುತ್ತಿರುವ ಪಂದ್ಯಗಳ ಅಂಕಿಯೂ ಅಲ್ಲಿಯೇ. ಮೇಲೆ ಕಂಬಕ್ಕೆ ಕಟ್ಟಿದ ತಂಡಗಳ ಬಾವುಟಗಳು ಅಂಕಪಟ್ಟಿಯ ಕ್ರಮದಲ್ಲಿರುತ್ತವೆ, ಮೇಲಿನದೇ ಮೊದಲ ಸ್ಥಾನ. ಆ ಬಾವುಟ ಸರೋವರದ ಕಡೆಯಿಂದ ನಿಮ್ಮತ್ತ ಹಾರುತ್ತಿದ್ದರೆ ದೊಡ್ಡ ಹೊಡೆತಗಳೂ ಗಾಳಿಗೆ ಸೋತು ಮೈದಾನದಲ್ಲೇ ಬೀಳುತ್ತವೆ, ಹೊರಕ್ಕೆ ಹಾರುತ್ತಿದ್ದರೆ ಹೋಮ್ ರನ್‌ಗಳ ದಿನ. ಇನ್ನೊಂದು, ಇಟ್ಟಿಗೆ ಗೋಡೆಯ ಮೇಲಿನ ಬಳ್ಳಿ, ಅದೂ 1937ರಲ್ಲೇ ನೆಟ್ಟದ್ದು. ಹೊಡೆದ ಚೆಂಡು ಅದರೊಳಗೆ ಹೊಕ್ಕು ಸಿಕ್ಕಿಕೊಂಡರೆ ಫೀಲ್ಡರ್ ಹುಡುಕುವುದಿಲ್ಲ. ಎರಡೂ ಕೈ ಮೇಲೆತ್ತಿ ನಿಲ್ಲುತ್ತಾನೆ. ಅಂಪೈರ್ ಬ್ಯಾಟರ್‌ಗೆ ಎರಡು ಬೇಸ್ ಕೊಡುತ್ತಾನೆ. ಅವಸರದಲ್ಲಿ ಕೈ ಹಾಕಿ ತಡಕಿದರೆ ಆಟ ಮುಂದುವರಿದಂತೆ, ಆ ಹೊತ್ತಿನಲ್ಲಿ ಓಟಗಾರರು ಹೋಮ್ ಪ್ಲೇಟ್ ಸೇರಿಬಿಡಬಹುದು. ಏಪ್ರಿಲ್‌ನ ಬರೀ ಕಡ್ಡಿಗಳಲ್ಲಿ ಇದು ಅಪರೂಪ, ಎಲೆ ತುಂಬಿದ ಮೇಲೆ ನೋಡಸಿಗುತ್ತದೆ.

ಮಕ್ಕಳಿಗೆ ಮೊದಲೇ ಹೇಳಿಡಬೇಕಾದ ಮಾತು: ಸ್ಟ್ಯಾಂಡಿಗೆ ಬಂದ ಚೆಂಡು ಹಿಡಿದವರದೇ, ವಾಪಸ್ ಕೊಡುವಂತಿಲ್ಲ. ಎದುರಾಳಿ ಹೊಡೆದ ಹೋಮ್ ರನ್ ಚೆಂಡನ್ನು ಮಾತ್ರ ಬ್ಲೀಚರ್ಸ್‌ನವರು ಸಿಟ್ಟಿನಿಂದ ಮೈದಾನಕ್ಕೇ ಎಸೆಯುತ್ತಾರೆ. ಚೆಂಡು ಗಟ್ಟಿ, ವೇಗ ಹೆಚ್ಚು, ಚಿಕ್ಕ ಮಕ್ಕಳಿದ್ದರೆ ಬಲೆಯ ಹಿಂದಿನ ಸೀಟೇ ತೆಗೆಯಿರಿ, ಫೋನ್ ನೋಡುತ್ತ ಕೂರಬೇಡಿ. ಏಳನೇ ಇನ್ನಿಂಗ್ಸ್ ನಡುವೆ ಎಲ್ಲರೂ ಎದ್ದು ನಿಂತು ಒಟ್ಟಿಗೆ ಹಾಡುತ್ತಾರೆ, ನೀವೂ ಏಳಿ. ಬ್ಯಾಟರ್ ಆಡುತ್ತಿರುವಾಗ ಮೆಟ್ಟಿಲಿಳಿದು ಸೀಟಿಗೆ ಹೋಗುವುದು ಅಲ್ಲಿ ಅನಾಗರಿಕತನ. ಬ್ಯಾಟರ್ ಮುಗಿಯುವವರೆಗೆ ಮೇಲೆ ನಿಂತು ಕಾಯುವುದು ರೀತಿ. ಪಾಯಿಖಾನೆಗೆ ನಾಲ್ಕನೇ ಇನ್ನಿಂಗ್ಸ್ ನಡೆಯುತ್ತಿರುವಾಗಲೇ ಹೋಗಿಬನ್ನಿ, ಆರರ ನಂತರ ಹೆಂಗಸರ ಪಾಳಿ ಉದ್ದವಾಗುತ್ತದೆ. ಕಬ್ಸ್ ಗೆದ್ದರೆ ಸ್ಕೋರ್‌ಬೋರ್ಡಿನ ಮೇಲೆ ನೀಲಿ ಡಬ್ಲ್ಯೂ ಅಕ್ಷರದ ಬಿಳಿ ಬಾವುಟ ಏರುತ್ತದೆ. 1908ರ ನಂತರ 2016ರವರೆಗೆ ಕಬ್ಸ್ ವರ್ಲ್ಡ್ ಸೀರೀಸ್ ಎಂಬ ಲೀಗ್‌ನ ಫೈನಲ್ ಗೆಲ್ಲದೆ ಕಾದ ಅಭಿಮಾನಿಗಳು ಅವರು, ಸಾಮಾನ್ಯ ಗೆಲುವಿಗೂ ಆ ಬಾವುಟಕ್ಕೆ ಜನ ಕಾಯುತ್ತಾರೆ.

ಹೋಗಿಬರಲು ರೈಲು ಬಿಟ್ಟು ಬೇರೆ ಯೋಚನೆ ಬೇಡ. ಸುತ್ತಲೂ ವಸತಿ ಓಣಿಗಳು, ನಿವಾಸಿಗಳ ಪರ್ಮಿಟ್ ಇಲ್ಲದ ಗಾಡಿಯನ್ನು ರಾತ್ರಿ ಪಂದ್ಯದ ದಿನ ಎತ್ತಿಕೊಂಡು ಹೋಗುತ್ತಾರೆ, ಖಾಸಗಿ ಪಾರ್ಕಿಂಗ್ ದುಬಾರಿ. ನಗರ ರೈಲಿನ ರೆಡ್ ಲೈನ್‌ನ ಆಡಿಸನ್ ಸ್ಟೇಷನ್‌ನಿಂದ ಮೈದಾನ ಕೂಗಳತೆಯಲ್ಲಿದೆ, ಊರ ನಡುವಿನ ಲೂಪ್‌ನಿಂದ ಸುಮಾರು 20 ನಿಮಿಷ. ಜಾಗ್ರತೆ, ಬ್ಲೂ ಲೈನ್‌ನಲ್ಲೂ ಆಡಿಸನ್ ಎಂಬ ಸ್ಟೇಷನ್ ಇದೆ, ಅದು ಪಶ್ಚಿಮಕ್ಕೆ ಮೈಲಿಗಟ್ಟಲೆ ದೂರ. ತಪ್ಪಿ ಅಲ್ಲಿ ಇಳಿದವರು 152 ನಂಬರಿನ ಬಸ್ಸು ಹಿಡಿದು ಪೂರ್ವಕ್ಕೆ ಬರಬೇಕು. ನೇಪರ್‌ವಿಲ್, ಆರೋರಾ ಉಪನಗರಗಳ ಕಡೆಯವರು ಮೆಟ್ರಾ ಎಂಬ ಉಪನಗರ ರೈಲಿನಲ್ಲಿ ಯೂನಿಯನ್ ಸ್ಟೇಷನ್‌ಗೆ ಬಂದು, ಅಲ್ಲಿಂದ ಜಾಕ್ಸನ್ ಸ್ಟೇಷನ್‌ವರೆಗೆ ಸುಮಾರು ಒಂದು ಕಿಲೋಮೀಟರ್ ನಡೆದರೆ ರೆಡ್ ಲೈನ್ ಸಿಗುತ್ತದೆ. ಮೊಣಕಾಲು ನೋವಿನವರಿಗೆ ಆ ತುಂಡಿಗೆ ಟ್ಯಾಕ್ಸಿ ಮಾಡಿ. ಏಳು ವರ್ಷದೊಳಗಿನ ಮಕ್ಕಳಿಗೆ ನಗರ ರೈಲು ಉಚಿತ.

ಪಂದ್ಯ ಮುಗಿದ ತಕ್ಷಣ ಆಡಿಸನ್‌ಗೆ ನುಗ್ಗಬೇಡಿ, ಸಾವಿರಾರು ಜನ ಒಂದೇ ಮೆಟ್ಟಿಲಿಗೆ ಬರುತ್ತಾರೆ. ಅರ್ಧ ತಾಸು ಸೀಟಿನಲ್ಲೇ ಕೂತು ಉಳಿದ ಶೇಂಗಾ ಮುಗಿಸಿ, ಇಲ್ಲವೇ ದಕ್ಷಿಣಕ್ಕೆ 800 ಮೀಟರ್ ನಡೆದು ಬೆಲ್ಮಾಂಟ್ ಸ್ಟೇಷನ್ ಸೇರಿ. ಅಲ್ಲಿ ಲಿಫ್ಟ್ ಇದೆ, ಬ್ರೌನ್ ಲೈನ್ ಕೂಡ ನಿಲ್ಲುತ್ತದೆ. 1:20ರ ಪಂದ್ಯ ನೋಡಿದವರಿಗೆ ಸಂಜೆ ಪೂರ್ತಿ ಕೈಯಲ್ಲಿರುತ್ತದೆ. ರೆಡ್ ಲೈನ್‌ನಲ್ಲಿ ಉತ್ತರಕ್ಕೆ ಲೊಯೋಲಾ ಸ್ಟೇಷನ್‌ಗೆ ಹೋಗಿ 155 ನಂಬರಿನ ಬಸ್ಸು ಹತ್ತಿದರೆ ಡೆವನ್ ಅವೆನ್ಯೂ. ವೆಸ್ಟರ್ನ್ ಮತ್ತು ಕ್ಯಾಲಿಫೋರ್ನಿಯಾ ರಸ್ತೆಗಳ ನಡುವೆ ಸಾಲುಸಾಲು ನಮ್ಮ ದೇಶದ ಅಂಗಡಿಗಳು, ಶಾಕಾಹಾರಿ ಹೋಟೆಲ್‌ಗಳು. ಮಧ್ಯಾಹ್ನ ತಣ್ಣನೆಯ ಬುತ್ತಿ ತಿಂದ ಹಿರಿಯರಿಗೆ ಅಲ್ಲಿ ಬಿಸಿ ಊಟ ಸಿಗುತ್ತದೆ.

ದಿನ ಹೊಂದದೆ ಕಬ್ಸ್ ಊರಾಚೆ ಇದ್ದರೆ ನಿರಾಶೆ ಬೇಡ. ಎರಡು ತಂಡಗಳ ಮನೆ ಪಂದ್ಯಗಳನ್ನು ಸಾಧ್ಯವಾದಷ್ಟು ಒಂದೇ ದಿನ ಬರದಂತೆ ಹಾಕುತ್ತಾರೆ, ಆದ್ದರಿಂದ ವೈಟ್ ಸಾಕ್ಸ್ ಮನೆಯಲ್ಲಿರುವ ಸಂಭವ ಹೆಚ್ಚು. ಅವರ ಮೈದಾನವಾದ ರೇಟ್ ಫೀಲ್ಡ್ 1991ರದು, ಅದೇ ರೆಡ್ ಲೈನ್‌ನಲ್ಲಿ ದಕ್ಷಿಣಕ್ಕೆ ಸಾಕ್ಸ್-35 ಸ್ಟೇಷನ್. ಬಳ್ಳಿ ಇಲ್ಲ, ಹಳೆಯ ಸ್ಕೋರ್‌ಬೋರ್ಡ್ ಇಲ್ಲ. ಕಣ್ಣಿಗೆ ಅಡ್ಡ ಬರುವ ಕಂಬಗಳೂ ಇಲ್ಲ, ಪಾರ್ಕಿಂಗ್ ಜಾಗ ವಿಶಾಲ, ಟಿಕೆಟ್ ಸಾಮಾನ್ಯವಾಗಿ ಅಗ್ಗ. 2024ರಲ್ಲಿ ಆ ತಂಡ 121 ಪಂದ್ಯ ಸೋತು ಆಧುನಿಕ ಕಾಲದ ದಾಖಲೆ ಮಾಡಿದೆ, ಜನ ಮುಗಿಬೀಳುವುದಿಲ್ಲ. ಎಂಟು ಜನ ಒಟ್ಟಿಗೆ ಕೂರಬೇಕು, ಗಾಡಿಯಲ್ಲೇ ಹೋಗಬೇಕು, ಖರ್ಚು ಹಿಡಿತದಲ್ಲಿರಬೇಕು ಎನ್ನುವ ಮನೆಗೆ ಅದನ್ನೇ ಹೇಳುತ್ತೇನೆ. ರಿಗ್ಲಿಯನ್ನು ಆಗ ಪಂದ್ಯವಿಲ್ಲದ ದಿನ ಗೈಡೆಡ್ ಟೂರ್‌ನಲ್ಲಿ ನೋಡಿಬರಬಹುದು. ಸುಮಾರು ಒಂದೂವರೆ ತಾಸು ನಡಿಗೆ, ಟಿಕೆಟನ್ನು ಮೊದಲೇ ಆನ್‌ಲೈನ್‌ನಲ್ಲಿ ತೆಗೆದಿಡಿ.